ದಬ್ಬಣದಕ್ಕ ಹಾಯಿಯ ಜೊತೆ ಹೋದದ್ದು

ಇಪ್ಪತ್ತಾರು ವರ್ಷದಿಂದ ಹಾಯಿ ಹೊಲಿಯುತ್ತಿದ್ದರೂ ದಬ್ಬಣದಕ್ಕ ಒಂದು ದಿನವೂ ಹಾಯಿದೋಣಿ ಹತ್ತಿದವಳಲ್ಲ. ನೀರೆಂದರೆ ಅವಳಿಗೆ ಭಯ. ಮನೆಯ ಮುಂದಿನ ಉದ್ದನೆಯ ಕೋಣೆಯಲ್ಲಿ ದಪ್ಪ ಬಟ್ಟೆಯನ್ನು ನೆಲದ ತುಂಬ ಹಾಸಿ, ಅಂಗೈಗೆ ಚರ್ಮದ ಪಟ್ಟಿ ಬಿಗಿದು, ಮಂಡಿಯೂರಿ ಸರಿಯುತ್ತ ಸರಿಯುತ್ತ ಹೊಲಿಯುವಳು. ಮಗಳನ್ನು ಓದಿಸಿದ್ದು, ಮೊನ್ನೆ ಮೊಮ್ಮಗುವಿಗೆ ತೊಟ್ಟಿಲು ತಂದದ್ದು, ಎಲ್ಲ ಆ ದಬ್ಬಣದಿಂದಲೇ.

ಈ ವರ್ಷ ಮಂಡಿ ಕೈಕೊಟ್ಟಿತು. ಹಾಗೆಂದು ಕೆಲಸ ನಿಲ್ಲಿಸಲಾದೀತೇ? ಊಟದ ಮೇಜನ್ನೇ ಕೋಣೆಗೆ ಎಳೆದುಕೊಂಡು ಅದರ ಮೇಲೆ ಹೊಲಿಯತೊಡಗಿದಳು.

ಮೇಜಿನ ಮೇಲೆ ಹೊಲಿದ ಮೊದಲ ಹಾಯಿಯನ್ನು ಒಯ್ದವಳು ಅವಳ ಗೆಳತಿ, ದೋಣಿ ನಡೆಸುವವಳು. ಹದಿನೈದು ದಿನಕ್ಕೆ ಅವಳು ತಿರುಗಿ ಬಂದಳು.

"ನಿನ್ನ ಹಾಯಿ ಅಂಚು ಪಟಪಟ ಬಡ್ಕೊಳ್ಳುತ್ತೆ ಕಣೇ. ಗಾಳಿ ಹಿಡಿಯೋದೇ ಇಲ್ಲ."

"ನನ್ನ ಹೊಲಿಗೆ ಸರಿಯಾಗೇ ಇದೆ. ಅಲ್ಲಿ ಗಾಳಿನೇ ಸರಿ ಇಲ್ವೇನೋ."

ಜೊತೆಗೆ ಬಂದಿದ್ದ ಇನ್ನೊಬ್ಬ ಗೆಳತಿ, ಶಾಲೆಯ ಟೀಚರು, ನಕ್ಕಳು. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ಇವಳು ಗಾಳಿನೇ ಡೊಂಕು ಅಂತಾಳೆ."

ದೋಣಿಯವಳು ನಗಲಿಲ್ಲ. "ಹಾಯಿ ಎಲ್ಲಿ ಹೊಲಿಸೋದು ಅಂತ ಇನ್ನೂ ನಾಲ್ಕು ದೋಣಿಯವರು ನನ್ನ ಕೇಳ್ತಿದ್ದಾರೆ. ನಿನ್ನ ಹೆಸರು ಹೇಳೋದಾ ಬೇಡ್ವಾ? ಭಾನುವಾರ ಮೂವರೂ ದ್ವೀಪಕ್ಕೆ ಹೋಗೋಣ, ಸಮುದ್ರಸ್ನಾನಾನೂ ಆಗುತ್ತೆ. ನೀನೇ ಕಣ್ಣಾರೆ ನೋಡಿ ಹೇಳು."

ಭಾನುವಾರ ಬೆಳಿಗ್ಗೆ ದಬ್ಬಣದಕ್ಕ ತನ್ನ ದಬ್ಬಣ, ದಾರದುಂಡೆ ಚೀಲಕ್ಕೆ ಹಾಕಿಕೊಂಡು ಹೊರಟಳು. ದೋಣಿ ಹತ್ತುವಾಗ ಟೀಚರ ಕೈ ಹಿಡಿದವಳು ಆಮೇಲೂ ಬಿಡಲಿಲ್ಲ.

"ಕೈ ಬಿಡೇ, ನಾಳೆ ನಾನು ಬೋರ್ಡ್ ಮೇಲೆ ಬರೀಬೇಕು."

ದಡ ಹಿಂದಾಯಿತು. ನೀರು ಹಸಿರಿಗೆ ತಿರುಗಿತು. ದಬ್ಬಣದಕ್ಕ ನೀರು ನೋಡಲಿಲ್ಲ; ತಲೆಯೆತ್ತಿ ಹಾಯಿಯನ್ನೇ ನೋಡುತ್ತಿದ್ದಳು. ಅಂಚು ಬಡಿದುಕೊಳ್ಳುತ್ತಿದ್ದುದು ನಿಜ. ಸುಕ್ಕುಗಳು ಎಲ್ಲೆಂದರಲ್ಲಿ ಇರಲಿಲ್ಲ, ಮೂರು ಮೊಳಕ್ಕೊಂದರಂತೆ ಇದ್ದವು. ಅವಳ ಊಟದ ಮೇಜೂ ಮೂರು ಮೊಳ. ಮೇಜಿನಾಚೆ ಜೋತುಬಿದ್ದ ಬಟ್ಟೆಯ ಭಾರ ಅಂಚನ್ನು ಜಗ್ಗಿತ್ತು. ಜಗ್ಗಿದ್ದನ್ನು ಹಾಗೇ ಹೊಲಿದುಬಿಟ್ಟಿದ್ದಳು.

"ತಪ್ಪು ನಂದೇ," ಎಂದಳು.

ದ್ವೀಪವೆಂದರೆ ಒಂದಷ್ಟು ತೆಂಗಿನಮರ, ಬಿಳಿ ಮರಳು, ಬಿಸಿಲು. ಇಳಿತದ ನೀರು ಬಿಟ್ಟುಹೋದ ಒದ್ದೆ ಮರಳು ಸಾರಿಸಿದ ನೆಲದಂತೆ ಗಟ್ಟಿಯಾಗಿ, ಸಮನಾಗಿತ್ತು. ಹಾಯಿ ಬಿಚ್ಚಿ ಅಲ್ಲೇ ಹಾಸಿದರು. ದಬ್ಬಣದಕ್ಕ ಕಾಲು ಚಾಚಿ ಕೂತು ಸುಕ್ಕಿದ್ದಲ್ಲೆಲ್ಲ ಹೊಲಿಗೆ ಕಿತ್ತಳು. ಗೆಳತಿಯರಿಬ್ಬರೂ ಮಂಡಿಯೂರಿ ಅಂಚನ್ನು ನೇರ ಮಾಡಿ ಹಿಡಿದರು; ಅವಳು ಮತ್ತೆ ಹೊಲಿಯುತ್ತ ಹೋದಳು.

"ಎಳೀಬೇಡ್ರೇ. ಮಲಗಿರೋ ಮಗು ಪಕ್ಕ ಹೊದಿಕೆ ಸರಿ ಮಾಡಲ್ವಾ, ಹಾಗೆ."

"ಸಮುದ್ರಸ್ನಾನ ಅಂತ ಕರ್ಕೊಂಡು ಬಂದು ಕೂಲಿಗೆ ಹಚ್ಚಿದ್ಲು," ಎಂದಳು ಟೀಚರು. ಆದರೆ ಹಿಡಿದದ್ದನ್ನು ಬಿಡಲಿಲ್ಲ. ಕಟ್ಟಿಕೊಂಡು ಬಂದಿದ್ದ ಊಟ ಮುಗಿಸಿದ್ದೂ ಹಾಯಿಯ ಪಕ್ಕದಲ್ಲೇ.

ತಿರುಗಿ ಬರುವಾಗ ಹಾಯಿ ಗಾಳಿ ತುಂಬಿಕೊಂಡು ಉಬ್ಬಿತು. ಅಂಚು ತುಟಿಪಿಟಕ್ಕೆನ್ನಲಿಲ್ಲ. ಚುಕ್ಕಾಣಿ ಹಿಡಿದಿದ್ದ ದೋಣಿಯವಳು ಬಹಳ ಹೊತ್ತು ಅದನ್ನೇ ನೋಡಿದಳು.

"ಹಾಗಾದ್ರೆ ಆ ನಾಲ್ವರಿಗೆ ನಿನ್ನ ಹೆಸರೇ ಹೇಳ್ಲಾ?"

"ಹೇಳು. ಆದ್ರೆ ಇನ್ಮೇಲೆ ನೆಲದ ಮೇಲೇ ಹೊಲಿಯೋದು. ಯಾರ ಹಾಯಿನೋ ಅವರು ಅಂಚು ಹಿಡ್ಕೊಳ್ಳೋಕೆ ಬರ್ಬೇಕು. ನನ್ನ ಕೈ ಗಟ್ಟಿ ಇದೆ, ಮಂಡಿ ಅವರದ್ದು."