ನೆತ್ತಿಯ ಮೇಲೆ ಮಖಾ

ರೇಷ್ಮೆಗೂಡಿಗೆ ಒಳ್ಳೆಯ ರೇಟಿದ್ದ ಕಾಲ. ರಾಮನಗರದ ನಮ್ಮ ಬೀದಿಯಲ್ಲಿ ಖಾಲಿ ಕೋಣೆಯೆಲ್ಲ ರೇಷ್ಮೆಹುಳುವಿಗೇ ಹೋಗುತ್ತಿತ್ತು. ಹಾಗಿದ್ದೂ ಅವ್ವ ಒಂದು ಕೋಣೆಯನ್ನು ಭೂಗೋಳದ ಮೇಡಂಗೆ ಬಾಡಿಗೆಗೆ ಕೊಟ್ಟಿದ್ದಳು.

ಬೇಸಿಗೆಯಲ್ಲಿ ಊಟವಾದ ಮೇಲೆ ಮೇಡಂ ಅಂಗಳದಲ್ಲಿ ಚಾಪೆ ಹಾಸಿ ಅಂಗಾತ ಮಲಗುತ್ತಿದ್ದರು. ಸೂರಿನಿಂದ ಚಾಚಿದ ಬಿದಿರಿನ ತುದಿಗೆ, ಕಲ್ಲು ಕಟ್ಟಿದ ರೇಷ್ಮೆ ನೂಲು. ಅದು ಅವರ ಹುಬ್ಬುಗಳ ನಡುವೆ ಇಳಿಬಿದ್ದಿರುತ್ತಿತ್ತು. ನೂಲು ಬಿಳಿಯೋ ಹಳದಿಯೋ, ನನ್ನ ನೆನಪು ಒಮ್ಮೊಮ್ಮೆ ಒಂದೊಂದು ತೋರಿಸುತ್ತದೆ. ನೂಲಿನ ನೇರಕ್ಕೆ ಮಖಾ ನಕ್ಷತ್ರ ಬಂದರೆ "ಈಗ ರಾಮನಗರ" ಎನ್ನುತ್ತಿದ್ದರು.

ಭೂಮಿಯ ಹಾಗೆ ಆಕಾಶಕ್ಕೂ ಅಕ್ಷಾಂಶದ ಗೆರೆಗಳಿವೆಯಂತೆ. ಊರಿನ ಅಂಕಿ, ನಕ್ಷತ್ರದ ಅಂಕಿ ಹೆಚ್ಚುಕಡಿಮೆ ಒಂದೇ ಆದರೆ ಆ ನಕ್ಷತ್ರ ಆ ಊರಿನ ನೆತ್ತಿಯ ಮೇಲೆ ಹಾಯುತ್ತದೆ. ಮಂಗಳೂರೂ ನಮ್ಮ ಗೆರೆಯಲ್ಲೇ, ಪಶ್ಚಿಮಕ್ಕಿದೆ; ನಕ್ಷತ್ರ ನಮ್ಮನ್ನು ದಾಟಿ ಆಮೇಲೆ ಅಲ್ಲಿಗೆ ಹೋಗುತ್ತದೆ. ಅಲ್ಲಿ ಅಜ್ಜಿಯ ಹತ್ತಿರ ಮೇಡಂ ಮಗಳಿದ್ದಳು.

"ಏನ್ ಮೇಡಮ್ಮೋರೆ, ಚುಕ್ಕಿ ಕಾದಿದ್ದು ಸಾಕು, ಹುಳಕ್ಕೆ ಒಸಿ ಸೊಪ್ಪಾಕಕ್ಕೆ ಬನ್ನಿ," ಎಂದು ಅವ್ವ ರೇಗಿಸುತ್ತಿದ್ದಳು.

"ಇನ್ನು ಹತ್ತು ನಿಮಿಷ ಉಂಟು ಅಕ್ಕ. ಅದೀಗ ನನ್ನ ಮಗುವಿನ ಮೇಲೆ ಹೋಗಬೇಕು."

ಮಂಗಳೂರಿಗೆ ಹಾಕಿ ಎಂದು ಎಷ್ಟೋ ಸಲ ಕೇಳಿಕೊಂಡ ಮೇಲೆ ಅವರಿಗೆ ವರ್ಗವಾಯಿತು, ಆದರೆ ರಾಯಚೂರಿಗೆ. ಅವ್ವ ಸಮಾಧಾನ ಹೇಳಲು ಹೋದಳು: "ಬುಡಿ ಮೇಡಮ್ಮೋರೆ, ಅಲ್ಲಿ ಚುಕ್ಕಿ ಇರಾಕಿಲ್ವಾ?"

ಮೇಡಂ ಟ್ರಂಕಿಗೆ ಬಟ್ಟೆ ಒತ್ತುತ್ತಲೇ ಇದ್ದರು.

"ಉಂಟು. ಅಲ್ಲಿ ನೆತ್ತಿಯ ಮೇಲೆ ರೋಹಿಣಿ. ಇದಕ್ಕಿಂತ ಚಂದ. ಆದರೆ ಅದು ಮಂಗಳೂರಿನ ದಾರಿಯದ್ದಲ್ಲ ಅಕ್ಕ."