ಹಲ್ಲಿನ ದಾರದ ಕೌದಿ

ಅಳಿಯಂದಿರ ಟೀ ಶರ್ಟುಗಳನ್ನು ಮೊದಲ ಸಲ ನೋಡಿದಾಗ ನೆಲ ಒರೆಸುವ ಅರಿವೆ ಇರಬೇಕು ಎಂದುಕೊಂಡೆ. ಎಲ್ಲವೂ ಕರಿ. ಕೆಲವಕ್ಕೆ ಕೊರಳು ಜೋತು ಬಿದ್ದಿತ್ತು, ಕೆಲವಕ್ಕೆ ಕಂಕುಳಲ್ಲಿ ತೂತು. ಎದೆಯ ಮೇಲೆ ತಲೆಬುರುಡೆ, ಮುರಿದ ಕುರ್ಚಿ, ಬೆಂಕಿ ಹತ್ತಿದ ಕಾರು, ಇಂಥವೇ ಚಿತ್ರ. ನಾನು ನ್ಯೂರೆಂಬರ್ಗಿಗೆ ಮಗಳ ಮನೆಯಲ್ಲಿರಲು ಬಂದ ವರ್ಷ ನನ್ನ ಸೀರೆಗಳಿಗೆ ಕಪಾಟಿನಲ್ಲಿ ಜಾಗ ಬೇಕಾಯಿತು. ಮಗಳು ಕೆಳಗಿನ ಖಾನೆಯಿಂದ ಇವನ್ನೆಲ್ಲ ಎಳೆದು ನೆಲಕ್ಕೆ ಹಾಕಿದಳು.

“ಮೂಲ್ಯಾಗಿನ ಹಳೇ ಬಟ್ಟಿ ಡಬ್ಬಿಗೆ ಒಗದು ಬರ್ತೀನಿ,” ಎಂದಳು. ನಮ್ಮ ಬೀದಿಯ ಮೂಲೆಯಲ್ಲಿ ಅದಕ್ಕೆಂದೇ ಒಂದು ಕಬ್ಬಿಣದ ದೊಡ್ಡ ಪೆಟ್ಟಿಗೆ ಇದೆ.

ಅಳಿಯಂದಿರು ಬಾಗಿಲಲ್ಲಿ ನಿಂತಿದ್ದರು. ಕಾರಿನ ಕಂಪನಿಯಲ್ಲಿ ದೊಡ್ಡ ಇಂಜಿನಿಯರು, ಮನೆಯಲ್ಲಿ ಮಾತ್ರ ಹೆಂಡತಿಯದೇ ನಡೆಯುತ್ತದೆ. ಒಂದು ಶರ್ಟು ಎತ್ತಿಕೊಂಡು ಮಡಚತೊಡಗಿದರು.

“ಇದು ಸೆಕೆಂಡ್ ಟೂರ್‌ದು,” ಎಂದರು ಕೊನೆಗೆ.

“ಯಾವ ಟೂರ್‌ದರ ಇರಲಿ, ನಿಮ್ಮ ಹೊಟ್ಟಿ ಹಿಡೀತೈತೇನು ಅದರಾಗ?” ಎಂದಳು ಮಗಳು.

“ನಂಗ ಕೊಡ್ರಿ,” ಎಂದೆ ನಾನು. “ಕೌದಿ ಹೊಲೀತೀನಿ.”

ಹಳೆಯ ಅರಿವೆ ಕಂಡರೆ ನನಗೆ ಕೌದಿಯೇ ಕಾಣುತ್ತದೆ. ಕುಳಿತು ಕುಳಿತು ಬೇಸರವೂ ಬಂದಿತ್ತು. ಇಲ್ಲಿಯ ಟಿವಿಯ ಮಾತು ತಿಳಿಯುವುದಿಲ್ಲ.

“ಕೌದಿ ಅಂದ್ರ ಕತ್ತರಿಸ್ತೀರೇನು, ಅತ್ತೀ?”

“ಮತ್ತೇನು ಮಾಡ್ಲಿ? ಅಳಿಯಂದಿರ, ಡಬ್ಬಿಗೆ ಹೋಗೂದು ಬೇಕೋ, ನಿಮ್ಮ ಮೈಮ್ಯಾಗ ಇರೂದು ಬೇಕೋ?”

ಮರುದಿನ ಶರ್ಟುಗಳು ನನ್ನ ಕೋಣೆಗೆ ಬಂದವು. ಒಂದನ್ನು ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಮ್ಮ ಹತ್ತಿರ ಇಟ್ಟುಕೊಂಡಿದ್ದರು.

ಇವು ಒಂದು ಅಮೆರಿಕದ ಬ್ಯಾಂಡಿನವು. ನಾಲ್ಕು ಜನ, ಪಂಕ್ ಎಂಬ ನಮೂನೆಯ ಹಾಡು. ನನಗೆ ಬರೀ ಬೈಗುಳ ಕೇಳಿಸಿತು. ಹೌದು, ಬೈಗುಳವೇ, ಆದರೆ ಬೈಸಿಕೊಳ್ಳಬೇಕಾದವರಿಗೇ ಬೈದದ್ದು ಎಂದರು ಅಳಿಯಂದಿರು. ಮನೆಯಿಂದಲೇ ಕೆಲಸ ಮಾಡುವ ದಿನ ಊಟವಾದ ಮೇಲೆ ಸ್ವಲ್ಪ ಹೊತ್ತು ಹಾಕುತ್ತಿದ್ದರು. ಒಂದೊಂದು ಹಾಡು ಎಷ್ಟು ಗಿಡ್ಡ ಎಂದರೆ, ನಾನು ಸೂಜಿಗೆ ದಾರ ಪೋಣಿಸುವುದರೊಳಗೆ ಮುಗಿದಿರುತ್ತಿತ್ತು. ಅದು ನನಗೆ ಹಿಡಿಸಿತು. ನಮ್ಮ ಕಡೆ ಭಜನೆಗೆ ಕುಳಿತವರು ಏಳುವುದೇ ಇಲ್ಲ.

ಬ್ಯಾಂಡಿನ ಕಥೆಯನ್ನು ಅವರು ಬಾಯಲ್ಲಿ ಹೇಳುತ್ತಿದ್ದರು, ನನಗೆ ಅದು ಅರಿವೆಯಲ್ಲಿ ಕೈಗೆ ಸಿಗುತ್ತಿತ್ತು. ಮೊದಮೊದಲು ಆ ನಾಲ್ವರು ಒಂದು ಹಳೆಯ ವ್ಯಾನಿನಲ್ಲಿ ಊರೂರು ತಿರುಗಿ, ಹಾಡು ಕೇಳಲು ಬಂದವರ ಮನೆಯ ನೆಲದ ಮೇಲೆಯೇ ಮಲಗುತ್ತಿದ್ದರಂತೆ. ಶರ್ಟಿಗೆ ತಾವೇ ಚಿತ್ರ ಒತ್ತಿ ಮಾರುತ್ತಿದ್ದರಂತೆ. ಆ ಕಾಲದ ಅರಿವೆ ದಪ್ಪ, ಬಣ್ಣ ಡಾಂಬರಿನ ಹಾಗೆ, ಚಿತ್ರ ಸೊಟ್ಟ. ಹೆಸರು ಬಂದಂತೆ ಚಿತ್ರ ನೆಟ್ಟಗಾಯಿತು, ಅರಿವೆ ತೆಳ್ಳಗಾಯಿತು. ಅವರನ್ನು ಕೇಳಿ ಎಷ್ಟೋ ದೇಶದ ಹುಡುಗರು ಗಿಟಾರು ಹಿಡಿದರಂತೆ. ಒಂದು ಶರ್ಟಿನ ಮೇಲೆ ಬುರುಡೆಯೂ ಇಲ್ಲ, ಬೆಂಕಿಯೂ ಇಲ್ಲ, ಎರಡು ಕೋಲು ಮಾತ್ರ. ಅದು ಡ್ರಮ್ ಬಾರಿಸುವವನು ಸತ್ತ ವರ್ಷದ್ದು. ಆಮೇಲೆ ಉಳಿದವರು ಜಗಳಾಡಿ ತಮ್ಮ ತಮ್ಮ ಮನೆಗೆ ಹೋದರು. ಕೆಲವು ವರ್ಷ ಶರ್ಟೇ ಇಲ್ಲ. ಆ ಸಂದಿನಲ್ಲಿಯೇ ಅಳಿಯಂದಿರು ಹುಬ್ಬಳ್ಳಿಗೆ ಬಂದು ನನ್ನ ಮಗಳನ್ನು ನೋಡಿ ಮದುವೆಯಾದದ್ದು.

“ಅವರು ಜಗಳಾಡಿದ್ದು ಛಲೋ ಆತು. ಇಲ್ಲಾಂದ್ರ ನಿಮಗ ಕನ್ಯಾ ನೋಡಾಕ ಪುರುಸೊತ್ತರ ಎಲ್ಲಿತ್ತು?” ಎಂದೆ.

“ಅದನ್ನ ಆಕಿಗೆ ಹೇಳಬ್ಯಾಡ್ರಿ,” ಎಂದು ನಕ್ಕರು.

ಮತ್ತೆ ರಾಜಿಯಾಗಿ, ಬೇರೆ ಡ್ರಮ್ಮಿನವನನ್ನು ಕಟ್ಟಿಕೊಂಡು ಬಂದಾಗ ಅವರಿಗೆ ದೊಡ್ಡ ದೊಡ್ಡ ಸಭಾಂಗಣ ಸಿಕ್ಕವು. ಈಗ ಅವರ ಬುರುಡೆ ಪೇಟೆಯ ಬಟ್ಟೆ ಅಂಗಡಿಯಲ್ಲಿಯೂ ನೇತಾಡುತ್ತದೆ. ಮೊಮ್ಮಗಳು ಅಂಥದೊಂದನ್ನು ತೊಟ್ಟು ಕಾಲೇಜಿಗೆ ಹೊರಟಳು. ಬೇಕೆಂದೇ ತೂತು ಮಾಡಿ ಮಾರಿದ ಹೊಸ ಶರ್ಟು. ಅಪ್ಪ ಬಾಗಿಲಿಗೆ ಅಡ್ಡ ನಿಂತರು.

“ಅವರ ಮೂರು ಹಾಡು ಹೇಳು, ಆಮ್ಯಾಲೆ ಹೋಗು.”

“ಪಪ್ಪಾ, ಎಗಾಲ್! ಹಾಡು ಯಾವುದರ ಇರಲಿ, ಐ ಲೈಕ್ ದ ಸ್ಕಲ್.”

“ಒಂದರ ಹೇಳು.”

“ಅಜ್ಜಿ ನಿನ್ನ ಬ್ಯಾಂಡ್‌ನ ಕಟ್ ಮಾಡಾಕತ್ತಾಳ, ಆಕಿಗೆ ಕೇಳು ಫಸ್ಟ್,” ಎಂದು ಅವರ ತೋಳಿನ ಕೆಳಗೆ ನುಸುಳಿ ಓಡಿದಳು.

ಕೌದಿಯ ಬಣ್ಣಕ್ಕೆ ಮಗಳ ತಕರಾರು. “ಪೂರಾ ಕರೇ ಕೌದಿ, ಯಾರರ ಹೊಚ್ಚಿಕೊಂತಾರೇನು, ಯವ್ವಾ?” ಎಂದಳು. ನನ್ನ ಹಳೆಯ ಚಂದ್ರಕಾಳಿ ಸೀರೆಯನ್ನೇ ಅಡಿಗೆ ಹಾಸಿದೆ. ಸಂಕ್ರಾಂತಿಗೆ ಉಟ್ಟು ಉಟ್ಟು ಸವೆದದ್ದು. ಅದೂ ಕರಿಯೇ. ಅದರ ಕೆಂಪು ದಡಿ ಸುತ್ತಲೂ ಬಂತು, ಅವಳ ತಕರಾರು ಮುಗಿಯಿತು. ಅಳಿಯಂದಿರು ಲ್ಯಾಪ್‌ಟಾಪಿನಲ್ಲಿ ಯಾವ ವರ್ಷದ ತುಂಡು ಎಲ್ಲಿ ಬರಬೇಕೆಂದು ನಕ್ಷೆ ಮಾಡಿ ತಂದರು. ನೋಡಿದೆ, ಬದಿಗಿಟ್ಟೆ. ಕಾಲಿನ ಕಡೆ ಭಾರದ್ದು, ಮುಖದ ಕಡೆ ಮೆತ್ತನೆಯದು. ಮಲಗುವವರಿಗೆ ವರ್ಷ ಏತಕ್ಕೆ?

ಕೌದಿಯನ್ನು ನಾವು ಅಂಚಿನಿಂದ ಹಿಡಿದು, ಸುತ್ತು ಹಾಕುತ್ತ ಹಾಕುತ್ತ ನಡುವಿಗೆ ಬಂದು ಮುಗಿಸುತ್ತೇವೆ. ಎರಡನೇ ಸುತ್ತಿಗೇ ನನ್ನ ದಾರ ಸೋತಿತು. ಆ ಡಾಂಬರು ಬಣ್ಣದೊಳಗೆ ಸೂಜಿ ಹೋದರೂ ದಾರ ಪಟ್ಟನೆ ಹರಿಯುತ್ತಿತ್ತು. ನಾನು ಬೈಯುವುದನ್ನು ಕೇಳಿ ಅಳಿಯಂದಿರು ಪ್ಲಾಸ್ಟಿಕ್ ಚೀಲ ಹಿಡಿದು ಬಂದರು. ಒಳಗಿದ್ದ ಶರ್ಟಿನ ಕಂಕುಳನ್ನು ತೋರಿಸಿದರು.

“ಇದನ್ನ ನೋಡ್ರಿ ಅತ್ತೀ. ಮೂವತ್ತು ವರ್ಷ ಆತು, ಹರದಿಲ್ಲ.”

ಅಲ್ಲಿ ಬಿಳಿಯ ಹೊಲಿಗೆ. ಮುಟ್ಟಿದರೆ ಮೇಣ ಹಚ್ಚಿದ ಹಾಗೆ ಜಾರುತ್ತಿತ್ತು.

“ಇದ್ಯಾವ ದಾರರೀ?”

“ಹಲ್ಲಿನ ಸಂದಿ ತಿಕ್ಕೋ ದಾರ. ಪಂಕ್‌ನವರು ಅದರಲೇ ಹೊಲ್ಕೊಂತಿದ್ರು.”

ಆಗ ಆ ಶರ್ಟಿನ ಕಥೆ ಹೇಳಿದರು. ಮ್ಯೂನಿಕ್ಕಿಗೆ ಓದಲು ಬಂದ ಮೊದಲ ಚಳಿಗಾಲ. ಯಾರೂ ಮಾತಾಡಿಸುವವರಿಲ್ಲ. ಪಕ್ಕದ ರೂಮಿನ ಹುಡುಗ ಒಂದು ನೆಲಮಾಳಿಗೆಯ ಹಾಡಿಗೆ ಎಳೆದುಕೊಂಡು ಹೋದ. ನೂಕುನುಗ್ಗಲಿನಲ್ಲಿ ಮೈಮೇಲಿನ ಅಂಗಿ ಚಿಂದಿಯಾಯಿತು. ಹಾಡು ಮುಗಿದ ಮೇಲೆ ಗಡಗಡ ನಡುಗುತ್ತ ನಿಂತಿದ್ದ ಇವರನ್ನು ಬ್ಯಾಂಡಿನ ಡ್ರಮ್ಮಿನವನು, ಮುಂದೆ ಸತ್ತನಲ್ಲ ಅವನೇ, ಕಂಡ. ಮಾರುವ ಶರ್ಟು ಖಾಲಿಯಾಗಿತ್ತು. ತನ್ನ ಚೀಲದಿಂದ, ಕಂಕುಳಿಗೆ ತಾನೇ ಹೊಲಿಗೆ ಹಾಕಿಕೊಂಡಿದ್ದ ತನ್ನದೇ ಶರ್ಟು ತೆಗೆದು ಕೊಟ್ಟು ಹೋದ.

“ಈ ದೇಶದಾಗ ನಂಗ ಮೊದಲು ಯಾರರ ಏನರ ಕೊಟ್ಟಾರ ಅಂದ್ರ ಅವನ,” ಎಂದರು.

ನಾನು ಬೆರಳಿಂದ ಮಡಿಕೆ ತಿಕ್ಕಿ ನೋಡಿದೆ. ಕರಿಯ ಪುಡಿ ಹತ್ತಿತು.

“ಹೊಲಿಗಿ ಗಟ್ಟಿ ಐತ್ರಿ. ಅರಿವಿ ಹೋಗೇತಿ. ಹಿಂಗ ಚೀಲದಾಗ ಇಟ್ರ ನಿಮಗ ಉಳ್ಯೂದು ಬರೀ ಹಲ್ಲಿನ ದಾರ,” ಎಂದೆ. “ನಡುವಿನ ಜಾಗ ಖಾಲಿ ಬಿಡ್ತೀನಿ. ತಂದು ಕೊಡ್ರಿ.”

ಅವರು ತಟ್ಟನೆ ಅದನ್ನು ಚೀಲಕ್ಕೆ ಹಾಕಿಕೊಂಡರು. “ಇದೊಂದು ಬ್ಯಾಡ್ರಿ,” ಎಂದು ಕೆಳಗೆ ಕೆಲ್ಲರಿಗೆ, ಅಂದರೆ ನೆಲಮಾಳಿಗೆಯ ನಮ್ಮ ಸಾಮಾನು ಕೋಣೆಗೆ, ಒಯ್ದು ಇಟ್ಟು ಬಂದರು. ಆದರೆ ಸಂಜೆ ಹಲ್ಲಿನ ದಾರದ ಪುಟ್ಟ ಡಬ್ಬಿಗಳನ್ನು ಚೀಲದ ತುಂಬ ತಂದುಕೊಟ್ಟರು. ಪುದೀನಾ ವಾಸನೆಯದು. ಅದರಲ್ಲಿ ಹೊಲಿದೆ. ಒಂದು ಎಳೆಯೂ ಹರಿಯಲಿಲ್ಲ. ಮನೆಯೆಲ್ಲ ಪುದೀನಾ ಚಟ್ನಿ ಅರೆದ ಹಾಗೆ ನಾರುತ್ತಿತ್ತು.

ಸುತ್ತು ಸುತ್ತಿ ನಡುವಿಗೆ ಬಂದೆ. ಒಂದು ಶರ್ಟಿನಷ್ಟು ಜಾಗ ಬಿಟ್ಟು ನಿಲ್ಲಿಸಿದೆ. ಮಗಳು, “ಬ್ಯಾರೆ ಏನರ ಹಾಕಿ ಮುಗಿಸಬಾರದೇನು?” ಎಂದಳು. ಬೇರೆ ಹಾಕುವುದಾಗಿದ್ದರೆ ಜಾಗ ಬಿಡುತ್ತಿರಲಿಲ್ಲ. ಕೌದಿಯನ್ನು ಸುತ್ತಿ ಮೂಲೆಗಿಟ್ಟು ನಾನು ಶೇಂಗಾ ಚಟ್ನಿಗೆ ಹತ್ತಿದೆ.

ಬೇಸಿಗೆಯಲ್ಲಿ ಸುದ್ದಿ ಬಂತು. ಬ್ಯಾಂಡಿನವರಿಗೆ ವಯಸ್ಸಾಯಿತು, ಇನ್ನು ಸಾಕು, ಮ್ಯೂನಿಕ್ಕಿನಲ್ಲಿ ಕೊನೆಯ ಸಲ ಹಾಡಿ ನಿಲ್ಲಿಸುತ್ತಾರೆ. ಅಳಿಯಂದಿರು ಆ ದಿನ ಊಟಕ್ಕೆ ಕುಳಿತು ರೊಟ್ಟಿ ಮುರಿದುಕೊಂಡೇ ಇದ್ದರು, ತಿನ್ನಲಿಲ್ಲ. ಎದ್ದು ಕೆಲ್ಲರಿಗೆ ಹೋದರು. ಆ ಶರ್ಟನ್ನು ತೊಟ್ಟುಕೊಂಡು ಹೋಗಬೇಕೆಂದು ಮನಸ್ಸಾಗಿತ್ತಂತೆ. ಬಿಡಿಸಿದರೆ ಕೊರಳಪಟ್ಟಿ ಕೈಯಲ್ಲಿ ಬಂತು.

ಮೇಲೆ ಬಂದಾಗ ಒಂದು ಕೈಯಲ್ಲಿ ಶರ್ಟು, ಒಂದು ಕೈಯಲ್ಲಿ ಅಡುಗೆಮನೆಯ ಕತ್ತರಿ. ಎರಡನ್ನೂ ನನ್ನ ಮುಂದೆ ಇಟ್ಟರು.

“ಕತ್ತರಸ್ರಿ. ನಾ ನೋಡೂದಿಲ್ಲ.”

“ಕತ್ತರಿ ಒಳಗ ಇಡ್ರಿ. ಅದರಲೇ ಮೀನು ಕತ್ತರಿಸ್ತಾಳ ನಿಮ್ಮ ಮಗಳು,” ಎಂದೆ. “ಇದು ಕತ್ತರಿ ತಡ್ಯೂ ಅರಿವಿ ಅಲ್ಲ. ಇಡೀದನ್ನ ಹಾಸಿ ಮ್ಯಾಲಿಂದ ಹೊಲೀಬೇಕು. ಹೊಲಿಗಿ ಒತ್ತೊತ್ತಾಗಿ ಬಿದ್ರ ಅದರ ಭಾರ ಅಡಿಗಿನ ಸೀರಿ ಹೊರತೈತಿ. ಹಿಡ್ಕೊಂಡು ಕುಂದರ್ರಿ.”

ಕುಳಿತರು. ಶರ್ಟನ್ನು ತೋಳು ಚಾಚಿ ನಡುವಿನಲ್ಲಿ ಹಾಸಿದೆವು. ಕೊರಳಪಟ್ಟಿಯನ್ನೂ ಅದರ ಜಾಗಕ್ಕೆ ಇಟ್ಟೆ. ನಾನು ಹೊಲಿದಂತೆ ಅವರು ಅರಿವೆ ಒತ್ತಿ ಹಿಡಿಯುತ್ತಿದ್ದರು. ಮೂರು ಸಾಲಾದ ಮೇಲೆ ಕೈ ಎತ್ತಿ ಎಳೆದು ನೋಡಿದರು. ಕಿತ್ತು ಬರಲಿಲ್ಲ. ಆಮೇಲೆ ಕಾಲು ಚಾಚಿ ಕುಳಿತು ಚಹಾ ಕೇಳಿದರು.

ಡ್ರಮ್ಮಿನವನ ಹೊಲಿಗೆಯನ್ನು ನಾನು ಬಿಚ್ಚಲಿಲ್ಲ. ಚಂದದ್ದೇನಲ್ಲ, ಗಂಡಸು ಅವಸರದಲ್ಲಿ ಹಾಕಿದ್ದು. ಗಟ್ಟಿಯಾಗಿತ್ತು, ಬಿಚ್ಚಲು ಕಾರಣವಿರಲಿಲ್ಲ. ನನ್ನ ಹೊಲಿಗೆ ಅದರ ಪಕ್ಕದಲ್ಲಿ ಹಾದುಹೋಯಿತು.

ಮುಗಿಸುವ ಮುನ್ನ ಕೌದಿಯ ಉಡಿ ತುಂಬಿದೆ. ನಮ್ಮ ಮನೆಯಲ್ಲಿ ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಮುಚ್ಚುವುದಿಲ್ಲ. ನಾಲ್ಕು ಕಾಳು ಜೋಳ, ಒಂದು ಅರಿಶಿನ ಕೊಂಬು.

“ಮಷಿನ್‌ನ್ಯಾಗ ಹಾಕಿದ್ರ ಮೊಳಕಿ ಬರ್ತಾವ, ಯವ್ವಾ!” ಎಂದಳು ಮಗಳು.

“ಮಷಿನ್‌ಗೆ ಹಾಕಿದ್ರ ನಿನಗ ಐತಿ ಮತ್ತ.”

ಬಿಸಿಲಿಗೆ ಬಾಲ್ಕನಿಯಲ್ಲಿ ಹರವಿದೆ. ಬುರುಡೆಗಳೆಲ್ಲ ಬೀದಿಗೆ ಮುಖ ಮಾಡಿದ್ದವು. ಎದುರು ಮನೆಯ ಮುದುಕಿ ಕಿಟಕಿಯಿಂದ ನೋಡಿ ಪರದೆ ಎಳೆದುಕೊಂಡಳು.

ಮ್ಯೂನಿಕ್ಕಿಗೆ ನನ್ನನ್ನೂ ಕರೆದರು. ನಿಂತು ಕೇಳುವ ಹಾಡಂತೆ, ನನ್ನ ಮೊಣಕಾಲಿಗೆ ಆಗದ ಮಾತು. ಅಪ್ಪ ಮಗಳು ಹೋದರು. ಅವಳು ಅಂಗಡಿಯ ಬುರುಡೆ ತೊಟ್ಟು, ಅವರು ಆಫೀಸಿನ ಅಂಗಿ ತೊಟ್ಟು. ಮರುದಿನ ಮಧ್ಯಾಹ್ನ ಟ್ರೇನಿಳಿದು ಬಂದರು. ಅವರ ಗಂಟಲು ಬಿದ್ದಿತ್ತು. ಅವಳು ಹಾಡುತ್ತಲೇ ಒಳಗೆ ಬಂದಳು, ಮೂರಲ್ಲ, ಎಷ್ಟೋ ಹಾಡು.

ಅಳಿಯಂದಿರು ಚೀಲದಿಂದ ಒಂದು ಹೊಸ ಶರ್ಟು ತೆಗೆದು ನನ್ನ ಮುಂದೆ ಹಿಡಿದರು. ಕೊನೆಯ ಹಾಡಿನದು. ಮುಟ್ಟಿ ನೋಡಿದೆ. ಈರುಳ್ಳಿ ಸಿಪ್ಪೆಯ ಹಾಗಿತ್ತು.

“ಇದಕ್ಕ ಜಾಗ ಐತೇನು, ಅತ್ತೀ?”

“ಉಡಿ ತುಂಬಿದ ಮ್ಯಾಲೆ ಬಿಚ್ಚೂದಿಲ್ಲರಿ. ಇದನ್ನ ಚೀಲದಾಗ ಇಡಬ್ಯಾಡ್ರಿ, ಹಾಕ್ಕೊಳ್ರಿ. ಹರದಾಗ ತರ್ರಿ, ನೋಡೋಣ.”

ಅಲ್ಲಿಯೇ ತೊಟ್ಟುಕೊಂಡರು. ಹೊಟ್ಟೆಗೆ ಸರಿಯಾಗಿ ಕುಳಿತಿತ್ತು. ಕೌದಿ ಹೊದ್ದು ಸಂಜೆಯವರೆಗೆ ಮಲಗಿದರು, ಸೆಕೆಗೆ ಕಿಟಕಿ ತೆರೆದೇ ಇತ್ತು.