ತಪ್ಪು ಹೇಳಿಕೊಳ್ಳಲು ನಲವತ್ತು ನಿಮಿಷ

ಬೆಳಗಿನ ಐದೂಮುಕ್ಕಾಲು. ಭಾನುವಾರವಾದ್ದರಿಂದ ತುಮಕೂರಿನ ಸತ್ಯಮಂಗಲದ ಕೈಗಾರಿಕಾ ಪ್ರದೇಶದಲ್ಲಿ ಒಂದು ಲೇತ್ ಮಿಷನ್ನೂ ಸದ್ದು ಮಾಡುತ್ತಿಲ್ಲ. ಸದ್ದು ಮಾಡುತ್ತಿರುವವರು ಸ್ವರ್ಣಲತಾ ಒಬ್ಬರೇ. ಬಾಡಿಗೆಯಿಲ್ಲದೆ ಒಂದು ದಿನಕ್ಕೆ ಸಿಕ್ಕ ಸಭಾಂಗಣದ ಬಾಗಿಲಲ್ಲಿ, ಸ್ಕೂಟಿಯ ಕೀ ಕೈಯಲ್ಲಿ ಹಿಡಿದು ಒಳಗೆ ಇಣುಕಿದವರೇ, "ಅಯ್ಯೋ ದೇವ್ರೇ, ಇದೇನ್ ಮಾಡಿಟ್ಟಿದೀರಾ ಕಾಳಯ್ಯ?" ಎಂದು ಹಣೆ ಚಚ್ಚಿಕೊಳ್ಳುತ್ತಾರೆ.

ಒಳಗೆ ವೇದಿಕೆ ಎದ್ದು ನಿಂತಿದೆ. ಎರಡಡಿ ಎತ್ತರ, ಮೇಲೆ ಕೆಂಪು ಕಾರ್ಪೆಟ್ಟು, ಬಿಳಿ ಬಟ್ಟೆ ತೊಡಿಸಿದ ಹದಿನಾಲ್ಕು ಕುರ್ಚಿ, ಪಕ್ಕದಲ್ಲಿ ಮೈಕಿನ ಪೋಡಿಯಂ. ಸ್ವರ್ಣಲತಾ ಕೇಳಿದ್ದು ಒಂದೇ ಒಂದು: ವೇದಿಕೆ ಬೇಡ, ನೂರೈವತ್ತು ಕುರ್ಚಿ ದುಂಡಗೆ ಹಾಕಿ. ಮೂರು ಸಲ ಫೋನಿನಲ್ಲಿ ಹೇಳಿದ್ದಾರೆ, ನಂಬಿಕೆ ಸಾಲದೆ ಚೀಟಿಯಲ್ಲೂ ಬರೆದು ಕೊಟ್ಟಿದ್ದಾರೆ.

"ವೇದಿಕೆ ಇಲ್ದೆ ಎಂಥ ಸಮಾವೇಶ ಮೇಡಂ? ನೋಡ್ದೋರು ಏನಂತಾರೆ? ಅದಕ್ಕೇ ನಾನೇ ಹಾಕ್ಬುಟ್ಟೆ. ಅದಕ್ಕೆ ಬಾಡಿಗೆ ಏನೂ ಬ್ಯಾಡ ಬುಡಿ, ನೀವೂ ಸೇವೆ ಮಾಡೋರು," ಎನ್ನುತ್ತಾರೆ ಶಾಮಿಯಾನದ ಕಾಳಯ್ಯ, ತಾವು ಮಾಡಿದ ಉಪಕಾರಕ್ಕೆ ತಾವೇ ಖುಷಿಪಡುತ್ತಾ. ಇಂಥವರ ಮೇಲೆ ಕೋಪ ಮಾಡಿಕೊಳ್ಳುವುದಾದರೂ ಹೇಗೆ? ಮಾಡಿಕೊಳ್ಳದೆ ಇರುವುದಾದರೂ ಹೇಗೆ? ಸ್ವರ್ಣಲತಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡು ಕುರ್ಚಿ ತಾವೇ ಎತ್ತಿ ಕೆಳಗಿಳಿಸುತ್ತಾರೆ.

ಐವತ್ತೊಂದರ ಸ್ವರ್ಣಲತಾ ತುಮಕೂರಿನ ಒಂದು ಸಣ್ಣ ಸ್ವಯಂಸೇವಾ ಸಂಸ್ಥೆಯಲ್ಲಿ ಕಚೇರಿ ಕೆಲಸದವರು. ಅದು ಹೊಟ್ಟೆಪಾಡು. ಈ ಕುರ್ಚಿ ಎತ್ತುವ ಕೆಲಸಕ್ಕೆ ಸಂಬಳವಿಲ್ಲ, ಹುದ್ದೆಯೂ ಇಲ್ಲ. ತುಮಕೂರು, ಗುಬ್ಬಿ, ಕುಣಿಗಲ್ ಸುತ್ತಿನ ಅರವತ್ತನಾಲ್ಕು ಸಂಸ್ಥೆಗಳಲ್ಲಿ ಹಳ್ಳಿ ಹಳ್ಳಿ ತಿರುಗಿ ಕೆಲಸ ಮಾಡುವವರನ್ನು ವರ್ಷಕ್ಕೊಮ್ಮೆ ಒಂದೇ ಕಡೆ ಕೂರಿಸಿ, ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯುವಂತೆ ಮಾಡುವ ಸಮಾವೇಶವನ್ನು ಅವರು ಒಂಬತ್ತು ವರ್ಷಗಳಿಂದ ನಡೆಸುತ್ತಿದ್ದಾರೆ. ಇದಕ್ಕೊಂದು ದೊಡ್ಡ ಹೆಸರೂ ಇಲ್ಲ. ಎಲ್ಲರೂ 'ಕೂಟ' ಎನ್ನುತ್ತಾರೆ, ಅಷ್ಟೇ.

"ಡ್ರೈವರ್‌ಗಳಿಗೆ ಸಂಘ ಐತೆ, ಟೈಲರ್‌ಗಳಿಗೆ ಐತೆ, ಫೋಟೋ ತೆಗೆಯೋರಿಗೂ ಐತೆ. ನಮ್ಮೋರಿಗೆ ಮಾತ್ರ ಇಲ್ಲ. ಸೇವೆ ಮಾಡೋರಿಗೆ ಸಂಘ ಯಾಕಮ್ಮಾ ಅಂತಾರೆ. ಸೇವೆ ಅಂದ್ರೆ ಅದು ಕೆಲಸ ಅಲ್ವಾ? ಅದನ್ನ ಕಲೀಬೇಕಾಗಿಲ್ವಾ?" ಎಂದು ಕೇಳುವಾಗ ಅವರ ದನಿ ಏರುತ್ತದೆ. ಈ ಪ್ರಶ್ನೆಯನ್ನು ಅವರು ಎಷ್ಟು ಜನರಿಗೆ ಕೇಳಿದ್ದಾರೋ ದೇವರಿಗೇ ಗೊತ್ತು.

ಯಡಿಯೂರಿನ ಪಕ್ಕದ ಹಳ್ಳಿಯಲ್ಲಿ ಹುಟ್ಟಿದ ಅವರು ಇಪ್ಪತ್ನಾಲ್ಕನೇ ವಯಸ್ಸಿಗೆ ಈ ಕ್ಷೇತ್ರಕ್ಕೆ ಬಂದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೆಂಗಸರಿಗೆ ಮೇಣದಬತ್ತಿ ಮಾಡುವುದನ್ನು ಕಲಿಸಿದರು. ಕೊಳ್ಳುವವರೇ ಇಲ್ಲ. ಎರಡು ವರ್ಷದ ನಂತರ ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಇನ್ನೊಂದು ಸಂಸ್ಥೆಯ ಕಾರ್ಯಕರ್ತೆ ಸಿಕ್ಕಿ, "ನಾವೂ ಮೇಣದಬತ್ತಿ ಶುರು ಮಾಡಿದೀವಿ ಕಣಕ್ಕಾ" ಎಂದರಂತೆ. ಅದಾದ ಮೂರು ವರ್ಷಕ್ಕೆ ಕುಣಿಗಲ್‌ನಲ್ಲಿ ಮತ್ತೊಂದು ಸಂಸ್ಥೆಯೂ ಮೇಣದಬತ್ತಿಗೇ ಕೈ ಹಾಕಿತು. ಮೂರೂ ಕಡೆ ಮೂಟೆಗಟ್ಟಲೆ ಬತ್ತಿ ಮೂಲೆ ಸೇರಿತು. ಮೂರೂ ಸಂಸ್ಥೆಗಳ ವಾರ್ಷಿಕ ವರದಿಯಲ್ಲಿ 'ತರಬೇತಿ ಯಶಸ್ವಿ' ಎಂದು ಅಚ್ಚಾಯಿತು. ಓದಿ ಸ್ವರ್ಣಲತಾಗೆ ಮೈಯೆಲ್ಲ ಉರಿದುಹೋಯಿತು. ಕೂಟ ಹುಟ್ಟಿದ್ದು ವರ್ಷಗಟ್ಟಲೆ ಆರದೆ ಉಳಿದ ಆ ಉರಿಯಲ್ಲಿ.

ಕೂಟದ ಜೀವಾಳ ಎಂದರೆ ಕೊನೆಯ ನಲವತ್ತು ನಿಮಿಷ. ಅದಕ್ಕೆ 'ತಪ್ಪು ಹೇಳೋ ಹೊತ್ತು' ಎಂದೇ ಹೆಸರು. ಯಾರಾದರೂ ಒಬ್ಬರು ಎದ್ದು ತಮ್ಮ ಕೈಯಿಂದ ಆದ ಒಂದು ತಪ್ಪನ್ನು, ಮುಚ್ಚುಮರೆಯಿಲ್ಲದೆ, ಹೆಸರು ಊರು ಸಮೇತ ಹೇಳಬೇಕು. ಉಳಿದವರು ಕೇಳಬೇಕು. ಉಪದೇಶ ಕೊಡುವಂತಿಲ್ಲ.

ಕೇಳಲು ಎಷ್ಟು ಸುಲಭ! ಒಂಬತ್ತು ವರ್ಷದಲ್ಲಿ ಈ ನಲವತ್ತು ನಿಮಿಷ ಪೂರ್ತಿಯಾಗಿ ಸಿಕ್ಕಿರುವುದು ನಾಲ್ಕೇ ಸಲ. ಉಳಿದ ಸಲವೆಲ್ಲ ವೇದಿಕೆಯೇ ಅದನ್ನು ನುಂಗಿದೆ. ಹೋದ ವರ್ಷವನ್ನೇ ನೋಡಿ. ಹತ್ತೂವರೆಯ ಕಾರ್ಯಕ್ರಮಕ್ಕೆ ಮುಖ್ಯ ಅತಿಥಿಗಳು ಹನ್ನೆರಡೂಮುಕ್ಕಾಲಿಗೆ ಬಂದರು. ಪ್ರಾರ್ಥನೆ, ದೀಪ, ಮೂವತ್ತೊಂದು ಹೆಸರುಗಳ ಸ್ವಾಗತ ಭಾಷಣ. ಆಮೇಲೆ ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಫೋಟೋ. ಫೋಟೋದಲ್ಲಿ ಕಣ್ಣು ಮುಚ್ಚಿದೆ ಎಂದು ಮತ್ತೊಂದು ಫೋಟೋ. ಊಟ ಮುಗಿಯುವ ಹೊತ್ತಿಗೆ ಸಭಾಂಗಣ ಖಾಲಿ. ತಪ್ಪು ಹೇಳಲೆಂದು ಕುಣಿಗಲ್ ಕಡೆಯಿಂದ ಬಂದಿದ್ದ ಚಿಕ್ಕಗಂಗಮ್ಮ ಬರೆದು ತಂದ ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತಿದರು. ಅದರ ಹಿಂದಿನ ವರ್ಷವೂ ಇದೇ ಕತೆ.

ಈ ವರ್ಷ ಹಾಗಾಗುವಂತಿಲ್ಲ. ಕಾರಣ ಇಷ್ಟೇ: ಚಿಕ್ಕಗಂಗಮ್ಮ ಹೇಳಬೇಕಿರುವುದು ಹೊಗೆಯಿಲ್ಲದ ಒಲೆಯ ಕತೆ. ಅವರ ಸಂಸ್ಥೆ ಮೂರು ವರ್ಷದ ಹಿಂದೆ ಕಟ್ಟಿದ ಒಲೆಯ ಅದೇ ನಮೂನೆಯನ್ನು ಗುಬ್ಬಿಯ ಒಂದು ಹಳೆಯ ಸಂಸ್ಥೆ ಈಗ ಮುನ್ನೂರು ಮನೆಗಳಲ್ಲಿ ಕಟ್ಟಲು ಹೊರಟಿದೆ. ಇಟ್ಟಿಗೆ ಲಾರಿ ಬರುವುದು ನಾಳೆ, ಸೋಮವಾರ. ಆ ಸಂಸ್ಥೆಯ ಅಧ್ಯಕ್ಷರು ಲಕ್ಷ್ಮೀನರಸಿಂಹಯ್ಯ.

ಫೋನಿನಲ್ಲಿ ಹೇಳಬಹುದಿತ್ತಲ್ಲ ಎಂದು ಯಾರಾದರೂ ಕೇಳಿದರೆ ಸ್ವರ್ಣಲತಾ ನಿಟ್ಟುಸಿರು ಬಿಡುತ್ತಾರೆ. ಹೇಳಿದ್ದಾರೆ, ಎರಡು ಸಲ. ಆ ಒಲೆಯಿಂದ ತೊಂದರೆಯಾಗಿದೆ ಸಾರ್ ಎಂದರೆ, "ವರದಿ ಓದಿದೀನಿ ಬಿಡಮ್ಮಾ, ಫೋಟೋ ಸಮೇತ ಇದೆ. ಅದಿರ್ಲಿ, ಕಾರ್ಡಲ್ಲಿ ನನ್ ಹೆಸ್ರು ಎಷ್ಟನೇದು?" ಎಂದರಂತೆ.

ಆಮಂತ್ರಣದ ಕಾರ್ಡು! ಅದೊಂದು ಬೇರೆಯೇ ತಲೆನೋವು. ವಾಟ್ಸಾಪಿನಲ್ಲಿ ಕಳಿಸಿದರೆ ಅವಮಾನ, ಮನೆಗೇ ಹೋಗಿ ಕೈಗೆ ಕೊಡಬೇಕು. ಹೋದ ತಿಂಗಳೆಲ್ಲ ಸ್ವರ್ಣಲತಾ ಕೆಲಸ ಮುಗಿಸಿ ಸ್ಕೂಟಿಯಲ್ಲಿ ಗುಬ್ಬಿಗೆ, ರಜೆಯ ದಿನ ಬಸ್ಸಿನಲ್ಲಿ ಕುಣಿಗಲ್‌ಗೆ ಅಲೆದಿದ್ದಾರೆ. ದಿನಕ್ಕೆ ನಲವತ್ತು ಫೋನು. ಊಟಕ್ಕೆ ಎಷ್ಟು ಜನ ಬರುತ್ತೀರಿ ಎಂದು ನೂರೆಂಬತ್ತು ಜನರ ಗುಂಪಿನಲ್ಲಿ ಕೇಳಿದರೆ ಸಿಕ್ಕಿದ್ದು ಆರು ಉತ್ತರ, ಐವತ್ತಕ್ಕೂ ಹೆಚ್ಚು ಕೈಮುಗಿದ ಚಿತ್ರ. "ಕೈ ಮುಗಿದ್ರೆ ಬರ್ತೀನಿ ಅಂತಾನಾ, ಬರಲ್ಲ ಅಂತಾನಾ? ನಾನು ಅನ್ನ ಎಷ್ಟಕ್ಕಿಡಿಸ್ಲಿ?" ಎಂದು ಮೊಬೈಲನ್ನೇ ಗದರಿಸುತ್ತಾರೆ.

ಹಾಗೆಂದು ಈ ಗುಂಪು ಬರೀ ಕೈಮುಗಿಯುವುದಕ್ಕಿಲ್ಲ. ಯೋಜನೆ ಮುಗಿಯಿತೆಂದು ಕೆಲಸ ಕಳೆದುಕೊಂಡವರ ಹೆಸರನ್ನು ಸ್ವರ್ಣಲತಾ ಇದರಲ್ಲಿ ಹಾಕುತ್ತಾರೆ. ಹೋದ ವರ್ಷ ಹಾಗೆ ಹನ್ನೊಂದು ಜನಕ್ಕೆ ಬೇರೆ ಸಂಸ್ಥೆಗಳಲ್ಲಿ ಕೆಲಸ ಸಿಕ್ಕಿದೆ. ಆ ಹನ್ನೊಂದರಲ್ಲಿ ಮೂವರು ಇವತ್ತು ಬೆಳಿಗ್ಗೆ ಏಳಕ್ಕೇ ಬಂದು, ಯಾರೂ ಹೇಳದೆ ವೇದಿಕೆಯ ಹಲಗೆ ಕಳಚುತ್ತಿದ್ದಾರೆ. ಕಾಳಯ್ಯ ಮಾತ್ರ ತಮ್ಮ ಮನೆಯನ್ನೇ ಕೆಡವುತ್ತಿರುವವರಂತೆ ಮುಖ ಮಾಡಿಕೊಂಡು ನೋಡುತ್ತಿದ್ದಾರೆ.

ಹತ್ತೂವರೆಗೆ ಕುರ್ಚಿಗಳು ದುಂಡಗೆ ಕೂತಿವೆ. ಹನ್ನೊಂದೂಕಾಲಿಗೆ ಲಕ್ಷ್ಮೀನರಸಿಂಹಯ್ಯ ಬರುತ್ತಾರೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಿಂದೆ ಇಬ್ಬರು. ಬಾಗಿಲಲ್ಲೇ ನಿಂತು, "ಎಲ್ಲಮ್ಮಾ ವೇದಿಕೆ?" ಎನ್ನುತ್ತಾರೆ.

"ಈ ಸಲ ಇಲ್ಲ ಸಾರ್. ಎಲ್ಲಾರೂ ಕೆಳಗೇ."

"ಸನ್ಮಾನ?"

"ಇದೆ ಸಾರ್. ಕೊನೇಲಿ. ತಪ್ಪು ಹೇಳೋದು ಮುಗಿದ್ಮೇಲೆ."

ಇಷ್ಟು ವರ್ಷ ಶಾಲಿಗೆ ಶಾಪ ಹಾಕಿದ ಹೆಂಗಸು ಈ ವರ್ಷ ತಾವೇ ಅಂಗಡಿಗೆ ಹೋಗಿ ಒಂದು ಶಾಲು ತಂದಿದ್ದಾರೆ. ಶಾಲು ಹೊದ್ದ ಮೇಲೆ ಯಾವ ಗಣ್ಯರೂ ಐದು ನಿಮಿಷ ಕೂರುವುದಿಲ್ಲ, ಹೊದಿಸುವ ತನಕ ಯಾರೂ ಏಳುವುದಿಲ್ಲ ಎಂಬುದು ಅವರು ಒಂಬತ್ತು ವರ್ಷದಲ್ಲಿ ಕಂಡುಕೊಂಡ ಸತ್ಯ. "ನಂಗೇ ನಾಚ್ಕೆ ಆಗ್ತದೆ ಇಂಥ ಉಪಾಯ ಮಾಡಕ್ಕೆ. ಏನ್ ಮಾಡ್ಲಿ, ಬೇರೆ ದಾರಿನೇ ಬಿಡ್ಲಿಲ್ಲ," ಎನ್ನುತ್ತಾರೆ. ಲಕ್ಷ್ಮೀನರಸಿಂಹಯ್ಯ ಗಡಿಯಾರ ನೋಡುತ್ತಾರೆ, ಗೊಣಗುತ್ತಾರೆ, ಕೂರುತ್ತಾರೆ. ಊಟವಾದ ಮೇಲೂ ಕೂತೇ ಇರುತ್ತಾರೆ.

ಮೂರು ಗಂಟೆಗೆ ಚಿಕ್ಕಗಂಗಮ್ಮ ಏಳುತ್ತಾರೆ. ಐವತ್ತೆಂಟರ ವಯಸ್ಸು, ಇಪ್ಪತ್ತು ವರ್ಷದಿಂದ ಕುಣಿಗಲ್ ಸುತ್ತಿನ ಹಳ್ಳಿಗಳಲ್ಲಿ ಕೆಲಸ. ಬರೆದು ತಂದ ಹಾಳೆ ಕೈಯಲ್ಲಿದ್ದರೂ ನೋಡುವುದಿಲ್ಲ.

"ಒಲೇನ ಸೊಂಟದೆತ್ತರಕ್ಕೆ ಕಟ್ಟುದ್ವಿ. ಬಗ್ಗೋದು ಬೇಕಾಗಲ್ಲ, ಬೆನ್ನು ನೋಯಲ್ಲ ಅಂತ ಟ್ರೈನಿಂಗ್ ಕೊಡೋರು ಹೇಳುದ್ರು. ನೂರಾ ಹನ್ನೆರಡು ಒಲೆ. ಹೊಗೆ ಹೋಯ್ತು, ಸುಳ್ಳು ಹೇಳಲ್ಲ. ಗ್ಯಾಸ್ ಇದ್ರೂ ನಮ್ ಕಡೆ ಹತ್ತಾಳಿನ ಮುದ್ದೆ ಸೌದೆ ಒಲೇಲೇ ಆಗೋದು. ಮುದ್ದೆ ತೊಳಸೋರು ಒಲೆ ಮೇಲೆ ತೊಳಸ್ತಾರಾ? ಪಾತ್ರೇನ ನೆಲಕ್ಕಿಳಿಸಿ, ಅದು ಅಲ್ಲಾಡದಂಗೆ ಕವೆಗೋಲು ಸಿಗಿಸಿ, ಅದನ್ನ ಕಾಲಲ್ಲಿ ಅದುಮ್ಕೊಂಡು ಹಿಟ್ಟನ್ನ ಕೋಲಲ್ಲಿ ತಿರುವಿ ತೊಳಸ್ತಾರೆ. ನೆಲದ ಒಲೆ ಆದ್ರೆ ಪಾತ್ರೆ ಹಂಗೇ ಪಕ್ಕಕ್ಕೆ ಸರಿಸ್ಕೊಂಡ್ರೆ ಆಯ್ತು. ಇದರಲ್ಲಿ ಕುದಿಯೋ ಹಿಟ್ಟನ್ನ ಸೊಂಟದೆತ್ತರದಿಂದ ಎತ್ತಿ ಇಳಿಸ್ಬೇಕು. ದಿನಕ್ಕೆ ಎರಡು ಸಲ."

ಸಭಾಂಗಣದಲ್ಲಿ ಹೆಂಗಸರ ಕಡೆಯಿಂದ ಒಂದು 'ಅಯ್ಯೋ' ಕೇಳಿಬರುತ್ತದೆ. ಗಂಡಸರಲ್ಲಿ ಹಲವರಿಗೆ ಇನ್ನೂ ಅರ್ಥವಾಗಿಲ್ಲ.

"ಒಬ್ಬ ಹೆಣ್ಮಗಳು ಇಳಿಸ್ತಾ ಇದ್ದಾಗ ಹಿಡ್ಕೊಂಡಿದ್ ಬಟ್ಟೆ ಜಾರ್ತು. ಮೊಣಕಾಲಿಂದ ಪಾದದ ತನಕ ಸುಟ್ಟೋಯ್ತು. ಮೂರು ತಿಂಗ್ಳು ಆಕೆ ನೆಲಕ್ಕೆ ಕಾಲಿಡ್ಲಿಲ್ಲ. ನಲವತ್ತು ವರ್ಷದಿಂದ ನಾನು ದಿನಾ ಮುದ್ದೆ ತೊಳಸೋಳು. ನಂಗೆ ಒಲೆ ಕಟ್ಟೋ ದಿನಾನೇ ಹೊಳೆದಿತ್ತು. ಓದಿರೋರ ಮುಂದೆ ಬಾಯ್ಬಿಡಕ್ಕೆ ಅಂಜ್ಕೊಂಡು ಸುಮ್ಕಿದ್ದೆ. ಅದೇ ನನ್ ತಪ್ಪು."

ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಲಕ್ಷ್ಮೀನರಸಿಂಹಯ್ಯನವರ ಮುಖ ಕೆಂಪಾಗಿದೆ. "ಏನಮ್ಮಾ ಇದು? ನಿಮ್ ವರದಿ ನೋಡ್ಕೊಂಡೇ ಅಲ್ವಾ ನಾವು ಡಿಸೈನ್ ತಗೊಂಡಿದ್ದು? ನೂರಾ ಹನ್ನೆರಡೂ ಯಶಸ್ವಿ ಅಂತ ಬರ್ದಿದೀರಲ್ಲ?"

"ಬರ್ದಿದೀವಿ ಸಾರ್. ಈಗ ಹೋಗಿ ನೋಡುದ್ರೆ ಆ ಒಲೆ ಮೇಲೆ ಕೊಡ ಇಟ್ಟವ್ರೆ. ಪಕ್ಕದಲ್ಲಿ ಮೂರು ಕಲ್ಲು ಹೂಡಿ ಮುದ್ದೆ ಮಾಡ್ತಾವ್ರೆ."

ಲಕ್ಷ್ಮೀನರಸಿಂಹಯ್ಯ ಎದ್ದು ಹೊರಗೆ ಹೋಗುತ್ತಾರೆ. ಸ್ವರ್ಣಲತಾ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡು ಬಾಗಿಲನ್ನೇ ನೋಡುತ್ತಾರೆ. ಕಾರು ಹೊರಡುವ ಸದ್ದು ಬರಬಹುದೆಂದು ಕಿವಿಗೊಡುತ್ತಾರೆ. ಬಂದಿದ್ದು ಫೋನಿನ ಮಾತು. "ನಾಳೆ ಇಟ್ಟಿಗೆ ಇಳಿಸ್ಬೇಡ ಕಣೋ... ಯಾಕಂದ್ರೆ? ಆಮೇಲೆ ಹೇಳ್ತೀನಿ, ಮೊದ್ಲು ಲಾರಿಯವನಿಗೆ ಬೇಡ ಅನ್ನು... ಆ ಊರಿನ ಹೆಂಗಸರನ್ನ ಕೇಳದೆ ಒಂದು ಇಟ್ಟಿಗೇನೂ ಇಡಂಗಿಲ್ಲ."

ಒಳಗೆ ಬಂದವರು ಅಂಗಿ ಸರಿಮಾಡಿಕೊಂಡು, "ಎಲ್ಲಮ್ಮಾ ಶಾಲು?" ಎಂದು ಕೇಳುತ್ತಾರೆ. ಹೊದಿಸಿಕೊಳ್ಳುತ್ತಾರೆ. ಫೋಟೋ ಸರಿಬಂತಾ ಎಂದು ವಿಚಾರಿಸುತ್ತಾರೆ. ಚಿಕ್ಕಗಂಗಮ್ಮನಿಗೆ ಒಂದು ಮಾತೂ ಹೇಳದೆ ಹೊರಟುಹೋಗುತ್ತಾರೆ. "ಶಾಲು ಹಾಕಿಸ್ಕೊಂಡು ಹೋಗ್ಲಿ ಬುಡಿ, ನಂಗೇನು," ಎನ್ನುತ್ತಾರೆ ಚಿಕ್ಕಗಂಗಮ್ಮ, ಕಣ್ಣೊರೆಸಿಕೊಂಡು. ಅಷ್ಟರಲ್ಲಿ ಗುಬ್ಬಿ ಕಡೆಯ ಮೂವರು ಕಾರ್ಯಕರ್ತೆಯರು ಅವರ ಸುತ್ತ ಕುರ್ಚಿ ಎಳೆದುಕೊಂಡು, ಒಲೆ ಎಷ್ಟು ಗೇಣು ಎತ್ತರವಿದ್ದರೆ ಸರಿ ಎಂದು ಕೇಳತೊಡಗಿದ್ದಾರೆ. ಊರಿಗೆ ಹೋಗುವ ಬಸ್ಸಿನ ನೆನಪೇ ಯಾರಿಗೂ ಇಲ್ಲ.

ಸಂಜೆ ಆರರ ಹೊತ್ತಿಗೆ ಸ್ವರ್ಣಲತಾ ಮೂಲೆಯ ಮೇಜಿನಲ್ಲಿ ಒಂದು ಫಾರಂ ಮುಂದಿಟ್ಟುಕೊಂಡು ಕೂತಿದ್ದಾರೆ. ಊಟದ ಖರ್ಚು ಕೊಟ್ಟ ದಾನಿಗಳು ಸಮಾವೇಶದಿಂದ ಏನೇನಾಯಿತು ಎಂದು ತುಂಬಿ ಕಳಿಸಲು ಹೇಳಿದ್ದಾರೆ. ಎಷ್ಟು ಜನ ಬಂದರು, ಎಷ್ಟು ಭಾಷಣ, ಎಷ್ಟು ಸಾಧನೆ. ಪೆನ್ನಿನ ತುದಿ ಕಚ್ಚುತ್ತಾ ಬಹಳ ಹೊತ್ತು ಅದನ್ನೇ ನೋಡುತ್ತಾರೆ. ಆಮೇಲೆ ಫಾರಮ್ಮನ್ನು ಆಚೆ ತಳ್ಳಿ, ಇಡೀ ದಿನದಲ್ಲಿ ಮೊದಲ ಸಲ ನಗುತ್ತಾರೆ.

"ಮುನ್ನೂರು ಮನೇಲಿ ಯಾರಿಗೂ ಏನೂ ಆಗಲ್ಲ ಇನ್ನು. ಆಗ್ದೇ ಇರೋದನ್ನ ಬರಿಯಕ್ಕೆ ಇದರಲ್ಲಿ ಜಾಗಾನೇ ಇಟ್ಟಿಲ್ಲ ನೋಡಿ."